ಐದನೇ ಕಾರ್ಡು, ಆರನೇ ಕಾರ್ಡು

ಸಯನ್, ಮುಂಬಯಿ
14 ಸೆಪ್ಟೆಂಬರ್ 2025, ಭಾನುವಾರ

ಶಿವೂ,

ಈ ಮೊದಲ ಸಾಲನ್ನು ಬರೆಯದೆಯೇ ಪತ್ರ ಮುಗಿಸಿಬಿಡುವವಳಿದ್ದೆ: ನಿನ್ನ ಕೆಂಪು ರಿಜಿಸ್ಟರು ಕಳೆದಿಲ್ಲ. ನನ್ನ ಹತ್ತಿರ ಇದೆ. ಏಳು ವರ್ಷದಿಂದ ಇದೆ.

ಬರೆದಾಯಿತು. ಈಗ ಉಳಿದದ್ದನ್ನೂ ಬರೆಯುತ್ತೇನೆ.

2018ರ ಜೂನ್, ಆ ಶನಿವಾರ ಸಂಜೆ ನೀನು, ನಾನು, ಕಾಶಿನಾಥ ಸಿಎಸ್‌ಎಂಟಿಯಲ್ಲಿ ಲೋಕಲ್ ಹತ್ತಿದೆವು. ಡಾಕ್‌ಯಾರ್ಡ್ ರೋಡ್ ಬರುವಷ್ಟರಲ್ಲಿ ನೀನು ಎಂದಿನಂತೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದೆ. ನಿನ್ನ ಬಟ್ಟೆಚೀಲವನ್ನು ಕಾಶಿ ಮೇಲಿನ ರ‍್ಯಾಕಿನಲ್ಲಿ ಇಟ್ಟಿದ್ದ. ಅವನು ಗಾಳಿಗೆಂದು ಬಾಗಿಲ ಕಡೆ ಹೋದಾಗ ನಾನು ಕೈ ಚಾಚಿ ರಿಜಿಸ್ಟರು ತೆಗೆದೆ. ನೀನು ಯಾರಿಗೂ ತೋರಿಸದೆ ಕಟ್ಟುತ್ತಿದ್ದ ಆಟಕ್ಕೆ ಆ ವಾರ ಹೊಸದಾಗಿ ಯಾವ ಕಾರ್ಡು ಬರೆದಿದ್ದೀ ಎಂದು ನೋಡುವ ಆಸೆ, ಅಷ್ಟೇ. ಶಿವಡಿಯಲ್ಲಿ ಜನ ನುಗ್ಗಿದರು. ಅದನ್ನು ವಾಪಸ್ ಚೀಲಕ್ಕೆ ಹಾಕಿದೆ ಎಂದೇ ನಾನು ನಂಬಿದ್ದೆ.

ಮನೆಗೆ ಹೋಗಿ ನೀನು ಚೀಲ ಬಿಚ್ಚಿದಾಗ ರಿಜಿಸ್ಟರು ಇರಲಿಲ್ಲ. ಕಾಶಿ ಚೀಲವನ್ನು ತಲೆಕೆಳಗಾಗಿ ಇಳಿಸಿದ, ಅದು ಜಾರಿ ರ‍್ಯಾಕಿನಲ್ಲೇ ಉಳಿಯಿತು ಎಂದು ನೀನು ಅಂದೆ. ಇದ್ದರೂ ಇರಬಹುದು ಎಂದು ಅವನೂ ಒಪ್ಪಿಕೊಂಡ. ಕಳೆದ ಸಾಮಾನಿನ ಆಫೀಸುಗಳಿಗೆ ನೀವೆಲ್ಲ ಒಂಬತ್ತು ದಿನ ಅಲೆದಿರಿ, ಪನ್ವೇಲ್‌ವರೆಗೂ. ಎರಡು ದಿನ ನಾನೂ ಬಂದಿದ್ದೆ. ರಿಜಿಸ್ಟರನ್ನು ಹೊರಗೆ ತೆಗೆದಿದ್ದೆ ಎಂದು ಆಗಲೂ ಹೇಳಲಿಲ್ಲ. ವಾಪಸ್ ಇಟ್ಟಿದ್ದೇನಲ್ಲ, ಹೇಳಿ ಏನು ಪ್ರಯೋಜನ ಎಂದುಕೊಂಡೆ.

ಮೂರು ವಾರದ ಮೇಲೆ, ಆ ಶನಿವಾರದ ಮಳೆಯಲ್ಲಿ ನೆನೆದು ಅಟ್ಟ ಸೇರಿದ್ದ ನನ್ನ ಬ್ಯಾಗನ್ನು ಕೆಳಗಿಳಿಸಿದೆ. ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ನಿನ್ನ ರಿಜಿಸ್ಟರು. ಆ ನೂಕುನುಗ್ಗಲಿನಲ್ಲಿ ನನ್ನ ಬ್ಯಾಗಿಗೇ ಹಾಕಿಬಿಟ್ಟಿದ್ದೆ. ಇನ್ನೂರ ಒಂಬತ್ತು ಕಾರ್ಡುಗಳು, ಒಂದೊಂದರ ನಿಯಮ, ಒಂದೊಂದರ ಪುಟ್ಟ ಚಿತ್ರ.

ಆ ಗಳಿಗೆಯೇ ಫೋನ್ ಮಾಡಬೇಕಿತ್ತು. ಆದರೆ ಅಷ್ಟರಲ್ಲಿ ನೀನು ಕಾಶಿಯ ಜೊತೆ ಮಾತು ಬಿಟ್ಟಿದ್ದೆ. ಒಂದೇ ಚಾಳಿನಲ್ಲಿ ನಿನ್ನ ಬೆನ್ನಿಗೆ ಬೆಳೆದವನು, ನಿನ್ನ ಅವ್ವ ಸೋಮವ್ವನ ಕೈಯ ರೊಟ್ಟಿ ತಿಂದವನು, ನಿನ್ನನ್ನು ಅಕ್ಕಾ ಎನ್ನುವವನು. ಅದಲ್ಲದೆ ಅದರ ಹಿಂದಿನ ಭಾನುವಾರ, ನೀನಿಲ್ಲದ ಮೇಜಿನಲ್ಲಿ, ನಾನು ಮಾಡಿದ ಹತ್ತು ಕಾರ್ಡುಗಳನ್ನು ಎಲ್ಲರೂ ಮೊದಲ ಸಲ ಮೆಚ್ಚಿದ್ದರು. ಹೊಟ್ಟೆಕಿಚ್ಚು ಎಂದು ಬರೆದರೆ ಸುಲಭವಾಗಿಬಿಡುತ್ತದೆ, ಅದಕ್ಕೇ ಬರೆಯಲು ಮನಸ್ಸಿಲ್ಲ. ಒಂದು ವಾರ ಓದಿ ಕೊಡೋಣ ಎಂದುಕೊಂಡೆ. ವಾರ ತಿಂಗಳಾಯಿತು. ಆಮೇಲೆ ಕೊಡುವುದಕ್ಕಿಂತ ತಡ ಯಾಕಾಯಿತೆಂದು ಹೇಳುವುದೇ ಕಷ್ಟವಾಯಿತು. ಅಷ್ಟರಲ್ಲಿ ನೀನು ಕಲಬುರಗಿಯ ಕಾಲೇಜಿನ ಕೆಲಸ ಹಿಡಿದು ಹೊರಟೇ ಹೋದೆ.

ಈಗ ಬರೆಯುವ ಕಾರಣ: ನಮ್ಮ ಗುಂಪಿಗೆಂದು ನಾನೊಂದು ಹೊಸ ಸೆಟ್ ಮಾಡುತ್ತಿದ್ದೇನೆ. ಇನ್ನೂರ ಎಪ್ಪತ್ತು ಕಾರ್ಡು. ಅದರಲ್ಲಿ ಇನ್ನೂರ ಒಂಬತ್ತು ನಿನ್ನವು. ನಾನು ಮಾಡಿದ್ದು ಎಂದು ಎಲ್ಲರಿಗೂ ಹೇಳಿದ್ದೇನೆ.

ನಾಳೆ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಇದನ್ನು ಪೋಸ್ಟ್ ಮಾಡುತ್ತೇನೆ.

ಮೋಹಿನಿ

*

ಸಯನ್
17 ಸೆಪ್ಟೆಂಬರ್ 2025

ಶಿವಕುಮಾರಿ,

ಇಷ್ಟು ವರ್ಷದ ಮೇಲೆ ನನ್ನ ಪತ್ರ ನೋಡಿ ಆಶ್ಚರ್ಯವಾಗಬಹುದು. ಭಾನುವಾರ ನಿನಗೊಂದು ಬರೆದಿದ್ದೆ. ಓದಿ ನೋಡಿದರೆ ಅಕ್ಷರದ ತಪ್ಪುಗಳೇ ಹೆಚ್ಚಿದ್ದವು. ಅದನ್ನು ಡ್ರಾಯರಿಗೆ ಹಾಕಿ ಹೊಸದಾಗಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಶಾಲೆಯಲ್ಲಿ ಓದಿ, ಮನೆಯಲ್ಲಿ ತುಳು ಆಡಿದವಳಿಗೆ ಲೋಕಲ್ ಟ್ರೇನಿನಲ್ಲಿ ಕೂತು ಕನ್ನಡ ಅಕ್ಷರ ಬರೆಸಿದವಳು ನೀನು. ತಪ್ಪಿದ್ದರೆ ಬೈಯುವ ಹಕ್ಕೂ ನಿನ್ನದೇ.

ವಿಷಯಕ್ಕೆ ಬರುತ್ತೇನೆ. ಬರುವ ಜನವರಿ 26, ಸೋಮವಾರ, ಎಲ್ಲರಿಗೂ ರಜೆ. ಸುಕೇಶನ ಹೋಟೆಲಿನ ಮಾಳಿಗೆಯಲ್ಲಿ ಡ್ರಾಫ್ಟ್ ಆಡೋಣ ಎಂದು ನಿಶ್ಚಯಿಸಿದ್ದೇವೆ. ಅಂಗಡಿಯ ಕಾರ್ಡುಗಳಲ್ಲ, ನಮ್ಮವೇ. ಸುಕೇಶನ ಹೆಂಡತಿ ಅಮಿತ ಈಗ ನಮ್ಮೊಂದಿಗೆ ಆಡುತ್ತಾಳೆ, ನಿನಗೆ ಪರಿಚಯವಿಲ್ಲ. ಡ್ರಾಫ್ಟ್ ಅಂದರೆ ಏನು ಎಂದು ಕೇಳಿದಳು. ನೀನು ನಮಗೆ ಹೇಳಿದ ಹಾಗೆಯೇ ಹೇಳಿದೆ: ಪ್ರತಿಯೊಬ್ಬರೂ ಹದಿನೈದು ಕಾರ್ಡಿನ ಒಂದು ಪ್ಯಾಕೆಟ್ ಒಡೆಯುವುದು, ಒಂದು ಕಾರ್ಡು ಇಟ್ಟುಕೊಂಡು ಉಳಿದದ್ದನ್ನು ಎಡಗಡೆಯವರಿಗೆ ದಾಟಿಸುವುದು, ಎಲ್ಲ ಮುಗಿಯುವತನಕ ಹೀಗೇ. ಕೈಗೆ ಬಂದ ಪ್ಯಾಕೆಟ್ಟಿನಲ್ಲಿ ಏನಿಲ್ಲ ಎಂಬುದನ್ನು ನೋಡಿಯೇ ಪಕ್ಕದವರ ಮನಸ್ಸು ತಿಳಿಯಬೇಕು. ಕೊನೆಗೆ ಆರಿಸಿದ್ದರಿಂದಲೇ ಆಟ. "ಅಂದ್ರೆ ಮದುವೆ ಮನೆಯ ಊಟದ ಪಂಕ್ತಿ ಹಾಗೆ, ಕೊನೆಯವನಿಗೆ ಬರೀ ಉಪ್ಪಿನಕಾಯಿ" ಅಂದ ಸುಕೇಶ.

ಸೆಟ್ ಮಾಡುತ್ತಿರುವವಳು ನಾನು. ಆರು ಜನರ ಲೆಕ್ಕಕ್ಕೆ ಮಾಡಿದ್ದೇನೆ. ಸುಕೇಶ, ಅಮಿತ, ಶೀತಲ್, ಕಾಶಿನಾಥ, ನಾನು. ಆರನೆಯ ಕುರ್ಚಿ ನಿನ್ನದು. ಐದು ಜನ ಆಡಿದರೆ ಅರ್ಧದಷ್ಟು ಕಾರ್ಡುಗಳು ಕೆಲಸಕ್ಕೇ ಬರುವುದಿಲ್ಲ, ನಿನಗೆ ಗೊತ್ತು.

ಇದರ ಜೊತೆ ಮೂರು ಪ್ಯಾಕೆಟ್ ಇಟ್ಟಿದ್ದೇನೆ, ನಲವತ್ತೈದು ಕಾರ್ಡು. ಹಾರ್ಬರ್ ಲೈನಿನ ಎಂಟು ಸ್ಟೇಷನ್ ಕಾರ್ಡುಗಳೂ ಇವೆ, ಸಿಎಸ್‌ಎಂಟಿಯಿಂದ ವಡಾಲದವರೆಗೆ. ಆಡಿ ನೋಡು. ಯಾವುದು ಹೆಚ್ಚು ಬಲ, ಯಾವುದು ಕಡಿಮೆ, ಬರೆ. ನಿನ್ನ ಕಣ್ಣಿನಷ್ಟು ಚೂಪು ಯಾರದೂ ಅಲ್ಲ.

ಹೇಗಿದ್ದೀ?

ಮೋಹಿನಿ

*

ಕಲಬುರಗಿ
4 ಅಕ್ಟೋಬರ್ 2025

ಮೋಹಿನಿ,

ಕಾರ್ಡು ಮುಟ್ಯಾವ. ಅಕ್ಷರ ಸುಧಾರಿಸ್ಯಾವ. ಒತ್ತಕ್ಷರ ಮಾತ್ರ ಇನ್ನೂ ಲೋಕಲ್ ಜೋಲಿ ಹೊಡದಂಗ ಬರೀತಿ.

ಸ್ಟಾಫ್ ರೂಮಿನಾಗ ಒಬ್ಬಾಕೀನೇ ಕೂತು ಎರಡೂ ಕಡೆ ಆಡಿದೆ. ಹಿಂದಿ ಮೇಡಂ ಬಂದು, "ಶಿವಕುಮಾರಿ ಮೇಡಂ, ಭವಿಷ್ಯ ಹೇಳ್ತೀರೇನ್ರಿ?" ಅಂದ್ರು. "ಹಿಂದಿನದು ಹೇಳ್ತೀನ್ರಿ" ಅಂದೆ.

ಈಗ ಕೇಳು. 'ನಾಲ್ಕನೇ ಸೀಟು' ಭಾಳ ಅಗ್ಗ ಆಗ್ಯದ. ಎದುರಿನವರ ಮೂರು ಕಾರ್ಡು ಸರಿಸಿ ತಾ ಕೂಡೂ ಕಾರ್ಡಿಗೆ ಎರಡು ಟಿಕೆಟ್ ಸಾಲೂದಿಲ್ಲ, ಮೂರು ಮಾಡು. ಗಾಡಿ ಎಲ್ಲಾ ಬಂದ್ ಮಾಡೂ 'ಮೆಗಾ ಬ್ಲಾಕ್' ಎರಡು ಸಲ ಬಿದ್ರ ಆಟ ಸತ್ತುಹೋಗ್ತದ. ಒಂದು ಪ್ಯಾಕೆಟ್ಟಿಗೆ ಒಂದೇ ಇರಲಿ. 'ಕಟಿಂಗ್ ಚಾ' ಸರಿ ಅದ.

ನಲವತ್ತೈದರಾಗ ನನಗ ಹೊಸದು ಅನಿಸಿದ್ದು ಒಂದೇ, 'ಒಣಗದ ಕೊಡೆ'. ಬಿಸಾಡಂಗಿಲ್ಲ, ಇನ್ನೊಬ್ಬರಿಗೆ ಕೊಡಬೇಕಂದ್ರ ಕೈಯಾಗಿನ ಎಲ್ಲಾ ಕಾರ್ಡು ತೋರಿಸಿ ಕೊಡಬೇಕು. ಇದು ಖರೇನೂ ನಿನ್ನ ಕಾರ್ಡು.

ಐದನೇದು, ಆರನೇದು ಸ್ಟೇಷನ್ ಕಾರ್ಡು ಒಂದ್ಸಲ ತಗದು ನೋಡು. ಏನು ಅಂತ ನಾ ಹೇಳೂದಿಲ್ಲ. ಔಷಧ ಡಬ್ಬಿ ಮ್ಯಾಲಿನ ತಪ್ಪು ಹಿಡಿಯೂದೇ ಕೆಲಸ ಇರಾಕಿ ನೀ.

'ಕಿಟಕಿ ಸೀಟು' ಯಾರಿಗೆ ಹೊಳೀತು? ಬರಿ.

ಕಾಶಿನೂ ಬರ್ತಾನ ಅಂತ ಬರದಿ. ಅವನ ಎದುರಿಗೆ ನಾ ಹ್ಯಾಂಗ ಕೂಡಲಿ? ನನ್ನಿಂದ ಆಗೂದಿಲ್ಲ.

ಶಿವಕುಮಾರಿ

*

ಸಯನ್
12 ಅಕ್ಟೋಬರ್ 2025

ಶಿವೂ,

ನಿನ್ನ ಪತ್ರವನ್ನು ವಿಕ್ರೋಳಿಗೆ ಹೋಗುವ ಟ್ರೇನಿನಲ್ಲಿ ಓದಿದೆ, ಆಫೀಸಿನಲ್ಲಿ ಓದಿದೆ, ಮನೆಗೆ ಬಂದೂ ಓದಿದೆ. ಆ ದಿನ ಕೆಮ್ಮಿನ ಔಷಧದ ಡಬ್ಬಿಯೊಂದರ ಮೇಲೆ 'ಊಟದ ನಂತರ' ಎಂಬುದು ಎರಡು ಸಲ ಅಚ್ಚಾಗಿತ್ತು. ಅದನ್ನು ಹಾಗೇ ದಾಟಿಸಿಬಿಟ್ಟೆ. ಹದಿನೆಂಟು ವರ್ಷದಲ್ಲಿ ಹೀಗೆ ಆದದ್ದಿಲ್ಲ. ಇನ್ನೊಬ್ಬರ ಕಣ್ಣಿಗೆ ಬಿದ್ದಿತು, ಸದ್ಯ.

ನಲವತ್ತೈದರಲ್ಲಿ ಒಂದೇ ಒಂದು ಹೊಸತು ಎಂದೆಯಲ್ಲ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಉಳಿದ ನಲವತ್ತನಾಲ್ಕು ಅಷ್ಟು ಸಪ್ಪೆಯೆ? ಆದರೆ ನೀನು ಹೇಳಿದ ಮೇಲೆ ಹೌದಿರಬೇಕು.

ಐದು, ಆರನೇ ಕಾರ್ಡುಗಳನ್ನು ನೋಡಿದೆ. ಎರಡೂ ಒಟ್ಟಿಗೆ ಸಿಕ್ಕವರಿಗೆ ತಡೆಯೇ ಇರುವುದಿಲ್ಲ, ನಿಜ. ಎರಡರ ಬಲವನ್ನೂ ಒಂದೊಂದು ಇಳಿಸಿದ್ದೇನೆ. ತಿದ್ದಿದ ಪ್ರತಿ ಇದರೊಂದಿಗೆ ಇದೆ.

'ಕಿಟಕಿ ಸೀಟು' ಎಲ್ಲಿಂದ ಹೊಳೆಯಿತು ಎಂದು ಹೇಗೆ ಹೇಳಲಿ? ದಿನಾ ಟ್ರೇನಿನಲ್ಲಿ ಹೋಗುವವರಿಗೆ ಹೊಳೆಯದೇ ಇರುತ್ತದೆಯೆ? ಹೀಗೇ ಬಂತು.

ಕಾಶಿಯ ಬಗ್ಗೆ. ನಿನ್ನ ಸಿಟ್ಟು ಇನ್ನೂ ಇಳಿದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಅವನಿಗೆ ಹೇಳಿಲ್ಲ. ಕಳೆದ ಭಾನುವಾರ ಮೂರು ಗಂಟೆಗೆ, ಹೋಟೆಲಿನಲ್ಲಿ ಊಟದವರೆಲ್ಲ ಎದ್ದು ಹೋದ ಮೇಲೆ, ಮಾಳಿಗೆಯಲ್ಲಿ ಕಾರ್ಡು ಕತ್ತರಿಸುತ್ತಿದ್ದೆವು. ಅವನು ಮನೆಯಿಂದ ನೇಲ್ ಕಟರ್ ತಂದಿದ್ದ. ಒಂದೊಂದು ಕಾರ್ಡಿನ ನಾಲ್ಕೂ ಮೂಲೆಗಳನ್ನು ಅದರಲ್ಲೇ ದುಂಡಗೆ ಮಾಡುತ್ತಾನೆ. ಸುಕೇಶ ನಕ್ಕ. "ಏ ಕಾಶಿ, ಕಾರ್ಡಿಗೆ ಮೆನಿಕ್ಯೂರಾ ಮಾರಾಯ?" ಕಾಶಿ ತಲೆಯೆತ್ತದೆ ಅಂದ: "ಅಕ್ಕನ ಕೈಗೆ ಹೋಗೂ ಕಾರ್ಡು. ಮೂಲಿ ಚುಚ್ಚಬಾರದು."

ಇದನ್ನು ನಿನಗೆ ಬರೆಯಬೇಕೆನ್ನಿಸಿತು.

ಕಾರ್ಡುಗಳನ್ನು ಇಡುವ ಡಬ್ಬಿಯನ್ನು ಶೀತಲ್ ಮಾಡುತ್ತಿದ್ದಾಳೆ. ನೀಲಿ ಬಣ್ಣ. ಚೆನ್ನಾಗಿ ಬಂದಿದೆ.

ಮೋಹಿನಿ

*

ಕಲಬುರಗಿ
22 ನವೆಂಬರ್ 2025

ಮೋಹಿನಿ,

ಪರೀಕ್ಷೆ ಪೇಪರ್ ತಿದ್ದೂ ಕೆಲಸ ಇತ್ತು ಅಂತ ಬರದ್ರ ನೀ ನಂಬ್ತಿ. ಆದ್ರ ಅದು ಕಾರಣ ಅಲ್ಲ.

ಐದು, ಆರು ಎರಡೂ ಕಾರ್ಡು ದುರ್ಬಲ ಮಾಡಿ ಕಳಸಿದಿ. ನಗಬೇಕೋ ಅಳಬೇಕೋ ತಿಳೀಲಿಲ್ಲ. ಬಲ ಇಳಸು ಅಂತ ನಾ ಎಲ್ಲಿ ಬರದಿದ್ದೆ? ತಗದು ನೋಡು ಅಂದಿದ್ದೆ.

ಜನವರಿ ಮಾತು ಆಮ್ಯಾಲೆ. ಅದಕ್ಕಿಂತ ಮೊದಲ ನನಗೊಂದು ಪತ್ರ ಬರಬೇಕು. ಅದರಾಗ ಏನಿರಬೇಕು ಅಂತ ನಾನೇ ಹೇಳಿದ್ರ ಅದಕ್ಕ ಕಿಮ್ಮತ್ತಿಲ್ಲ. ಆ ಪತ್ರ ಬಂದ್ರ ಬರ್ತೀನಿ. ಇಲ್ಲಾಂದ್ರ ಆರನೇ ಕುರ್ಚಿ ಮ್ಯಾಲೆ ಸುಕೇಶ ಈರುಳ್ಳಿ ಚೀಲ ಇಡಲಿ.

ಶಿವಕುಮಾರಿ

*

ಸಯನ್
7 ಡಿಸೆಂಬರ್ 2025

ಶಿವೂ,

ನಿನ್ನ ಮಾತು ಅರ್ಥವಾಯಿತು ಎಂದುಕೊಂಡಿದ್ದೇನೆ. ಇಷ್ಟು ವರ್ಷವಾದರೂ ಕಾಶಿ ನಿನಗೆ ಬರೆದು ತಪ್ಪೊಪ್ಪಿಕೊಂಡಿಲ್ಲ, ಅದು ನಿನ್ನನ್ನು ಚುಚ್ಚುತ್ತಿದೆ. ಬಾಯಲ್ಲಿ ಹೇಳಿದ್ದು ಬೇರೆ, ಬರೆದುಕೊಡುವುದು ಬೇರೆ.

ಕಳೆದ ವಾರ ಶನಿವಾರ ಸಂಜೆ ವಿಕ್ರೋಳಿ ಸ್ಟೇಷನ್ನಿನಲ್ಲಿ ಅವನು ಸಿಕ್ಕ. ಅವನ ಆಫೀಸೂ ಅಲ್ಲೇ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಹೇಳಿದೆ: "ಕಾಶಿ, ಶಿವೂಗೆ ಒಂದು ಕಾಗದ ಬರೆದುಬಿಡು. ಅವಳು ಬರುತ್ತಾಳೆ." ಎರಡು ಗಾಡಿ ಹೋದವು. "ಏನಂತ ಬರೀಲಿ ಮೋಹಿನಕ್ಕ? ಚೀಲ ತಲೆಕೆಳಗ ಹಿಡದಿದ್ನೋ ಇಲ್ಲೋ, ನನಗ ನೆನಪೇ ಇಲ್ಲ" ಅಂದ. ಆಗ ನಾನು ಏನು ಹೇಳಿದೆ ಗೊತ್ತೆ? "ನೆನಪಿಲ್ಲದಿದ್ದರೂ ಬರೆ" ಅಂದೆ.

ಅವನು ಬರೆದುಕೊಟ್ಟಿದ್ದು ಇದರೊಂದಿಗೆ ಇದೆ. ನಾನು ಓದಿಲ್ಲ ಎಂದು ಬರೆಯಲು ಹೊರಟಿದ್ದೆ. ಓದಿದ್ದೇನೆ.

ಈಗಲಾದರೂ ಬಾ.

ಮೋಹಿನಿ

(ಇದರೊಳಗೆ, ಆಫೀಸಿನ ಖಾಲಿ ಹಾಳೆಯ ಮೇಲೆ:)

ಅಕ್ಕಾಗ, ನಮಸ್ಕಾರ. ಅವತ್ತು ಚೀಲ ನಾನೇ ಇಳಿಸಿದ್ದು. ನಿನ್ನ ರಿಜಿಸ್ಟರ್ ನನ್ನ ಕೈಯಿಂದನೇ ಹೋಗ್ಯದ. ಅದರಾಗ ನಿನ್ನ ಎಷ್ಟು ವರ್ಷದ ಕೆಲಸ ಇತ್ತು ನನಗ ಗೊತ್ತದ. ಅವ್ವ ಇದ್ದಾಗ ಹೇಳ್ತಿದ್ಲು, ಕಾಶಿ ಕೈಗೆ ಏನು ಕೊಟ್ರೂ ಚಿಂತಿ ಇಲ್ಲಂತ. ಅದೊಂದು ಮಾತು ನಾ ಉಳಿಸ್ಕೊಳ್ಳಲಿಲ್ಲ. ಕ್ಷಮಾ ಮಾಡು. ನೀ ಬಾ. ಬ್ಯಾಡ ಅಂದ್ರ ಆ ದಿನ ನಾ ಬರೂದಿಲ್ಲ, ನೀವೆಲ್ಲಾ ಆಡ್ರಿ. ಕಾಶಿನಾಥ.

*

ಕಲಬುರಗಿ
20 ಡಿಸೆಂಬರ್ 2025

ಮೋಹಿನಿ,

ಕಾಶಿ ಕಾಗದ ವಾಪಸ್ ಕಳಸೀನಿ. ಅವನ ಕೈಗೆ ಕೊಡು.

ಮಾಡಲಾರದ ತಪ್ಪು ಅವನ ಕೈಲಿ ಬರಸಬಾರದಿತ್ತು ನೀ. ನಾ ಕಾಯ್ತಿದ್ದ ಪತ್ರ ಇದಲ್ಲ.

ಆ ಕಾಗದ ಓದಿ ಒಂದು ದಿನ ಕ್ಲಾಸಿಗೆ ಹೋಗಲಿಲ್ಲ. ಅಕ್ಟೋಬರಿನಾಗ ನಿನ್ನ ಕಾರ್ಡು ನೋಡಿದ ದಿನಾನೇ ಅವನಿಗೆ ಫೋನ್ ಮಾಡಬಹುದಿತ್ತು ನಾನು. ಮಾಡಲಿಲ್ಲ. ಮೊದಲ ನೀ ಹೇಳ್ತಿ, ಆಮ್ಯಾಲೆ ಮಾಡೂಣು ಅಂತ ಕಾದೆ. ಅವನ ಮುಂದ ಕೂಡಲಿಕ್ಕೆ ಆಗೂದಿಲ್ಲ ಅಂತ ಬರದಿದ್ದೆ, ನೀ ಅದನ್ನ ಸಿಟ್ಟು ಅಂತ ಓದಿದಿ.

ಸೆಟ್ ಚಲೋ ಅದ. ಮೊದಲಿಂದನೂ ಚಲೋ ಇತ್ತು.

ಶಿ.

*

ಸಯನ್
18 ಜನವರಿ 2026, ಭಾನುವಾರ

ಶಿವೂ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಕಾಶಿಯ ಕಾಗದವನ್ನೂ ಅಷ್ಟು ದಿನ ಡ್ರಾಯರಿನಲ್ಲೇ ಇಟ್ಟುಕೊಂಡೆ. ನಿನಗೆ ಗೊತ್ತಾಗಿದೆ ಎಂಬುದು ಗೊತ್ತಾಯಿತು. ಆದರೂ ನಾನು ಮಾಡಿದ ಮೊದಲ ಕೆಲಸವೇನು ಗೊತ್ತೆ? ಹೇಗೆ ಗೊತ್ತಾಗಿರಬಹುದು ಎಂದು ಯೋಚಿಸಿದ್ದು. ಸಿಕ್ಕಿಬಿದ್ದ ಮೇಲೂ ಸಿಕ್ಕಿಬಿದ್ದ ದಾರಿ ಹುಡುಕುತ್ತಿದ್ದೆ. ರಿಜಿಸ್ಟರನ್ನೂ ಕಾರ್ಡುಗಳನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದೆ. ಒಂದಕ್ಷರ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿಲ್ಲದ್ದರಿಂದಲೇ ಸರಿಯಿದೆ ಎಂದುಕೊಂಡೆ. ನನ್ನ ಕೆಲಸದಲ್ಲಿ ತಪ್ಪು ಹಿಡಿಯುವುದು ಹಾಗೇ, ಮೂಲಕ್ಕೂ ಅಚ್ಚಿಗೂ ತಾಳೆ ಆದರೆ ಸಾಕು. ಮೂಲವೇ ತಪ್ಪಿದ್ದರೆ ಅದು ನಮ್ಮ ತಲೆನೋವಲ್ಲ.

ಕಳೆದ ಭಾನುವಾರ, ಹನ್ನೊಂದನೇ ತಾರೀಖು, ಮಾಳಿಗೆಯಲ್ಲಿ ಪೂರ್ತಿ ಸೆಟ್ ಹರಡಿ ಆಡಿ ನೋಡಿದೆವು. ಆರನೇ ಕುರ್ಚಿಯ ಮುಂದೆಯೂ ಪ್ಯಾಕೆಟ್ ಇಟ್ಟು, ಅದರ ಪಾಲಿನ ಕಾರ್ಡನ್ನು ಅಮಿತ ಕಣ್ಣುಮುಚ್ಚಿ ತೆಗೆಯುತ್ತಿದ್ದಳು. ಸುಕೇಶನಿಗೆ ಸ್ಟೇಷನ್ ಕಾರ್ಡು ಒಂದಾದ ಮೇಲೊಂದು ಬಂದವು. ಸಾಲಾಗಿ ಜೋಡಿಸಿದವನು ಹಾಗೇ ನಿಂತ.

"ಏ ಮೋಹಿನಿ, ನೀನು ಯಾವ ಟ್ರೇನಲ್ಲಿ ಹೋಗೋದು ಮಾರಾಯ್ತಿ? ಡಾಕ್‌ಯಾರ್ಡ್ ಆದ ಕೂಡಲೆ ಕಾಟನ್ ಗ್ರೀನಾ?"

"ಅರೇ, ರೇ ರೋಡ್ ಕಿಧರ್ ಗಯಾ?" ಅಂದಳು ಅಮಿತ.

"ಐದನೇದು ಆಗ್ಬೇಕಾದ್ದು ಆರನೇದು ಆಗಿದೆ. ಶಿವಡಿಗೆ ಮುಂಚೆ. ಇಲ್ಲಿ ಹುಟ್ಟಿ ಬೆಳೆದವಳಿಗೆ ಇಷ್ಟೂ ಬರುದಿಲ್ವಾ?" ಅಂದ ಸುಕೇಶ.

"ಇಪ್ಪತ್ತಾರಕ್ಕೆ ಮುಂಚೆ ಸಿಕ್ತಲ್ಲ, ಬಚ್ ಗಯೇ" ಅಂದಳು ಶೀತಲ್. ಮೂವರೂ ನಕ್ಕರು.

ಕಾಶಿ ನಗಲಿಲ್ಲ. ಐದನೇ ಕಾರ್ಡನ್ನು ಕೈಗೆತ್ತಿಕೊಂಡ. ಆರನೆಯದನ್ನೂ. "ಅಕ್ಕ ಹಿಂಗೇ ಬರೀತಿದ್ಲು" ಅಂದ. "ಡಾಕ್‌ಯಾರ್ಡಿಗೆ ಮಲಗಿದ್ರ ಶಿವಡಿಗೇ ಏಳಾಕಿ. ನಡುವಿನ ಎರಡು ಸ್ಟೇಷನ್ ಆಕಿ ನೋಡಿದ್ದೇ ಇಲ್ಲ. ಯಾವಾಗ ಕೇಳಿದ್ರೂ ತಿರಗಾಮುರಗಾ ಹೇಳ್ತಿದ್ಲು." ಹೇಳಿ ನನ್ನನ್ನು ನೋಡಿದ. ಉಳಿದವರಿಗೆ ಅದು ಹಳೆಯ ನೆನಪಿನ ಮಾತು ಅಷ್ಟೇ. ಎರಡೂ ಕಾರ್ಡನ್ನು ಮೆತ್ತಗೆ ಮೇಜಿನ ಮೇಲಿಟ್ಟು, ತನ್ನ ಕೈಯಲ್ಲಿದ್ದ ಪ್ಯಾಕೆಟ್ಟನ್ನು ಎಡಗಡೆಗೆ ದಾಟಿಸಿದ. ಅವನ ಎಡಗಡೆ ಕೂತಿದ್ದವಳು ನಾನೇ.

ಆಟ ಮುಗಿಯಿತು. ಯಾರು ಗೆದ್ದರೋ ನೆನಪಿಲ್ಲ. ನಾನು ಮೆಟ್ಟಿಲಿಳಿಯುವಾಗ ಅವನು ಹಿಂದೆ ಬಂದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ನನಗೆ ಹೇಳಲು ಏನಾದರೂ ಇರುತ್ತಿತ್ತು.

"ಮೋಹಿನಕ್ಕ, ಅದು ತೊಯ್ದಿರಲಿಲ್ಲ, ಹೌದಿಲ್ಲೋ?"

"ಪ್ಲಾಸ್ಟಿಕ್ಕಿನಲ್ಲಿತ್ತು. ಅಂಚು ಮಾತ್ರ ಸ್ವಲ್ಪ" ಅಂದೆ.

"ಪನ್ವೇಲ್ ಯಾರ್ಡಿನಾಗ ಎಲ್ಲೋ ಮಳಿಯಾಗ ಬಿದ್ದದ ಅಂತ ತಿಳ್ಕೊಂಡಿದ್ದೆ" ಅಂದ. ನನ್ನನ್ನು ದಾಟಿ ಕೆಳಗಿಳಿದು ಹೋದ.

ಆ ವಾರ ನಾನು ಆಫೀಸಿಗೆ ಹೋಗಿ ಬಂದೆ, ಅಷ್ಟೇ ಹೇಳಬಲ್ಲೆ. ಗುರುವಾರ ಬೆಳಿಗ್ಗೆ ಕುರ್ಲಾದಲ್ಲಿ ಇಳಿದು, ಕಾರಣವಿಲ್ಲದೆ ಹಾರ್ಬರ್ ಲೈನಿಗೆ ಹೋಗಿ ಸಿಎಸ್‌ಎಂಟಿ ಕಡೆಯ ಗಾಡಿ ಹತ್ತಿದೆ. ಕಾಟನ್ ಗ್ರೀನ್. ರೇ ರೋಡ್. ಎರಡು ನಿಲ್ದಾಣದ ನಡುವೆ ಎರಡು ಮೂರು ನಿಮಿಷವೂ ಇಲ್ಲ. ನಿನ್ನ ನಿದ್ದೆಯಷ್ಟು ಜಾಗ. ಆ ಜಾಗದಲ್ಲೇ ನಾನು ಕೈ ಚಾಚಿದ್ದು.

ಇವತ್ತು ಮಧ್ಯಾಹ್ನ ನಾಲ್ವರಿಗೂ ಹೇಳಿದೆ. ರಿಜಿಸ್ಟರನ್ನು ಮೇಜಿನ ಮೇಲಿಟ್ಟು ಹೇಳಿದೆ. ಚೆನ್ನಾಗಿ ಹೇಳಲಿಲ್ಲ. ಬ್ಯಾಗು, ಮಳೆ, ಅಟ್ಟ ಎಂದು ಎಲ್ಲೆಲ್ಲಿಗೋ ಹೋದೆ. "ಒಂಬತ್ತು ದಿನ ಹುಡುಕಿದೆವಲ್ಲ ಮಾರಾಯ್ತಿ" ಅಂದ ಸುಕೇಶ. ಇನ್ನೊಂದು ಸಲ ಅಂದ, ಮೆಲ್ಲಗೆ, ತನಗೇ ಹೇಳಿಕೊಂಡ ಹಾಗೆ. ಅಮಿತಳಿಗೆ ನಡೆದದ್ದೇನೂ ಗೊತ್ತಿರಲಿಲ್ಲ. ಅವಳು ಕಾಶಿಯ ಮುಖವನ್ನೇ ನೋಡುತ್ತಿದ್ದಳು. ಶೀತಲ್ ನೀಲಿ ಡಬ್ಬಿಯನ್ನು ನನ್ನ ಮುಂದೆ ತಳ್ಳಿದಳು. ಅದರ ಮೇಲೆ 'ರಚನೆ: ಮೋಹಿನಿ' ಎಂದಿದೆ. ನಿನಗೆ ಬಣ್ಣ ಮಾತ್ರ ಬರೆದಿದ್ದೆ, ಇದನ್ನು ಬರೆದಿರಲಿಲ್ಲ. "ಯಾವ ಫಾಂಟ್ ಬೇಕು ಅಂತ ಮೂರು ಸಲ ಕೇಳಿದೆ ನಿನ್ನ. ಮೂರು ಸಲನೂ ಆರಿಸಿದೆಯಲ್ಲ" ಅಂದಳು. ಹೌದು, ಆರಿಸಿದ್ದೆ. ಕೆಳಗಿನಿಂದ ಐದು ಚಹಾ ಬಂತು. ಯಾರೂ ಮುಟ್ಟಲಿಲ್ಲ.

ನಿನ್ನಿಂದ ವಾಪಸ್ ಬಂದ ಕಾಗದವನ್ನು ಕಾಶಿಗೆ ಕೊಟ್ಟೆ. ಮಡಿಸಿ ಜೇಬಿನಲ್ಲಿಟ್ಟುಕೊಂಡ. ಹರಿಯಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಲ್ಲರೂ ಹೋಗುತ್ತಾರೆ ಎಂದುಕೊಂಡಿದ್ದೆ. ಅವನು ನೇಲ್ ಕಟರ್ ತೆಗೆದು, "ಇನ್ನ ತೊಂಬತ್ತು ಕಾರ್ಡಿನ ಮೂಲಿ ಉಳದಾವಲ್ಲ" ಎಂದು ಕೂತ. ಐದು ಗಂಟೆಗೆ ಕೆಳಗೆ ಗಿರಾಕಿಗಳು ಬರತೊಡಗುವವರೆಗೂ ಮಾಳಿಗೆಯಲ್ಲಿ ಆ ಕಟ್ ಕಟ್ ಸದ್ದು ನಡೆದೇ ಇತ್ತು. ಏಳುವಾಗ ಒಂದೇ ಮಾತು ಹೇಳಿದ: "ಐದು, ಆರು ತಿದ್ದಬ್ಯಾಡ್ರಿ. ಅಕ್ಕ ಬರದಂಗ ಇರಲಿ." ನಾನು ಇಳಿಸಿದ್ದ ಬಲವನ್ನು ಮೊದಲಿನಂತೆ ಏರಿಸಿದ್ದೇನೆ. ರೇ ರೋಡ್ ಈಗಲೂ ಕಾಟನ್ ಗ್ರೀನ್ ಆದ ಮೇಲೆಯೇ ಬರುತ್ತದೆ.

ಈಗ ತಿಳಿಯಿತು, ನಲವತ್ತೈದರಲ್ಲಿ ಒಂದೇ ಹೊಸತು ಎಂದು ನೀನು ಬರೆದದ್ದು ಏನೆಂದು. ಉಳಿದ ನಲವತ್ತನಾಲ್ಕನ್ನು ನೀನು ಸಪ್ಪೆ ಎಂದಿರಲಿಲ್ಲ. ನಿನ್ನವು ಯಾವುವು, ನನ್ನದು ಯಾವುದು ಎಂದು ಬೇರೆ ಮಾಡಿ ಇಟ್ಟಿದ್ದೆ. ನನಗೆ ಅದು ಮೂರು ತಿಂಗಳು ಮೂದಲಿಕೆಯ ಹಾಗೆ ಕೇಳಿಸುತ್ತಿತ್ತು.

ಈ ಪಾರ್ಸೆಲ್ಲಿನಲ್ಲಿ ರಿಜಿಸ್ಟರು ಇದೆ. ಯಾವ ಪುಟವನ್ನೂ ನಾನು ಮಡಿಸಿಲ್ಲ, ಗೀಚಿಲ್ಲ. ಸೆಪ್ಟೆಂಬರ್ 14ರಂದು ಬರೆದು ಕಳಿಸದೇ ಇದ್ದ ಪತ್ರವಿದೆ. ಅಕ್ಷರದ ತಪ್ಪಿಗಾಗಿ ಅದನ್ನು ತಡೆದದ್ದಲ್ಲ. ಶೀತಲ್ ಇವತ್ತೇ ತೆಗೆದುಕೊಟ್ಟ ಹೊಸ ಲೇಬಲ್ ಇದೆ, 'ರಚನೆ: ಶಿವಕುಮಾರಿ ಅಣವೀರಪ್ಪ' ಎಂದು. ನಿನ್ನ ಅಪ್ಪನ ಹೆಸರು ಇರಲೇಬೇಕೆಂದವನು ಕಾಶಿ. ಆ ರಿಜಿಸ್ಟರನ್ನು ಅವರು ಕಂತ್ರಾಟುದಾರನ ಆಫೀಸಿನಿಂದ ನಿನಗೆಂದು ಕೇಳಿ ತಂದ ದಿನ ಅವನೂ ಜೊತೆಗಿದ್ದನಂತೆ. ನನ್ನ ಅರವತ್ತೊಂದು ಕಾರ್ಡುಗಳ ಪಟ್ಟಿಯೂ ಇದೆ. ಅವು ನಿನ್ನ ಸೆಟ್ಟಿನಲ್ಲಿ ಇರಬೇಕೋ ಬೇಡವೋ, 26ರಂದು ಆಟ ಇರಬೇಕೋ ಬೇಡವೋ, ಇದ್ದರೆ ನಾನು ಅಲ್ಲಿ ಕೂರಬೇಕೋ ಬೇಡವೋ, ನೀನು ಹೇಳಿದ ಹಾಗೆ. ನಾನು ಕೂರದಿದ್ದರೂ ಆರನೆಯವರಿಗೆ ಸುಕೇಶ ಯಾರನ್ನಾದರೂ ಕರೆಯುತ್ತಾನೆ. ಕಾಶಿಯ ನಂಬರು ಹಳೆಯದೇ, ಬದಲಾಗಿಲ್ಲ.

'ಒಣಗದ ಕೊಡೆ' ಕಾರ್ಡನ್ನು ರಿಜಿಸ್ಟರಿನೊಳಗೆ ಇಟ್ಟಿದ್ದೇನೆ. ಅದನ್ನು ಇನ್ನೊಬ್ಬರಿಗೆ ಕೊಡುವ ನಿಯಮ ನಿನಗೆ ಗೊತ್ತು.

ಆ ಹಳೆಯ ಪತ್ರದ ಕೊನೆಯ ಸಾಲು ನೋಡು. 'ನಾಳೆ' ಎಂದು ಬರೆದಿದ್ದೆ. ಈ ಸಲ ಹಾಗೆ ಬರೆಯುವುದಿಲ್ಲ. ಸಯನ್ ಪೋಸ್ಟ್ ಆಫೀಸಿನ ಕೌಂಟರ್ ತೆರೆಯುವ ಹೊತ್ತಿಗೆ ನಾನು ಅಲ್ಲಿರುತ್ತೇನೆ. ತಾರೀಖು ಇಲ್ಲಿ ಬರೆದಿಡುತ್ತೇನೆ, ಪಾರ್ಸೆಲ್ಲಿನ ಮೇಲಿನ ಮೊಹರಿನ ಜೊತೆ ತಾಳೆ ನೋಡಿಕೋ.

19 ಜನವರಿ 2026, ಸೋಮವಾರ.